ತನುಜಾಳಿಗೆ ನಾನು ಸೇರಿಸಿದ ಎರಡು ವರ್ಷ

ಶಿಡ್ಲಘಟ್ಟದ ಆ ರೇಷ್ಮೆ ನೂಲಿನ ಕಾರ್ಖಾನೆಗೆ, ಫಿಲೇಚರಿಗೆ, ಕಾರ್ಮಿಕ ಇಲಾಖೆಯ ಅಧಿಕಾರಿಯನ್ನು ಕರೆಸಿದವನು ನಾನೇ. ನನ್ನ ತಂಗಿ ತನುಜಾ ಅಲ್ಲಿ ಗೂಡು ಬೇಯುವ ತೊಟ್ಟಿಯ ಮುಂದೆ ಕೂತು ನೂಲು ತೆಗೆಯುತ್ತಾಳೆ. ಅವಳಿಗಿನ್ನೂ ಹನ್ನೆರಡು ವರ್ಷ. ಅಮ್ಮನ ಕಣ್ಣಿಗೆ ಎಳೆ ಕಾಣದಂತಾದ ಮೇಲೆ ಶಾಲೆ ಬಿಡಿಸಿ ಅದೇ ಜಾಗದಲ್ಲಿ ಇವಳನ್ನು ಕೂರಿಸಿದರು. ನಾನು ದಿಬ್ಬೂರಹಳ್ಳಿಯಿಂದ ಚಿಂತಾಮಣಿವರೆಗೆ ಮೈಕ್ ಹಿಡಿದು, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಕೂಗುತ್ತ ತಿರುಗುವವನು. ಮೊದಲು ನಿನ್ನ ತಂಗೀನ ಕಳಿಸೋ ಎಂದು ಜನ ನಗುತ್ತಿದ್ದರು. ಇವತ್ತು ಆ ಬಾಯಿಗಳನ್ನು ಮುಚ್ಚಿಸಬೇಕಿತ್ತು.

ಅಧಿಕಾರಿ ತನುಜಾಳನ್ನು ತೊಟ್ಟಿಯಿಂದ ಎಬ್ಬಿಸಿ ಬಾಗಿಲ ಬಳಿ ನಿಲ್ಲಿಸಿದರು. ಮಾಲೀಕ ಚೆನ್ನರಾಯಪ್ಪ ಅವರಿಗೆ ಕುರ್ಚಿ ಹಾಕಿಸಿ ನನ್ನತ್ತ ತಿರುಗಿದ. "ಏನಪ್ಪಾ ವೇಣು, ಲೀಡರ್ ಆಗ್ಬಿಟ್ಟೆ! ಕಾಫಿ ಕುಡೀತೀಯೇನೋ?"

"ನಿನ್ ಕಾಫಿ ನಿನ್ ತೊಟ್ಟೀಗೇ ಸುರ್ಕೋ."

ಅವನು ನಗುತ್ತಲೇ ತನುಜಾಳ ಶಾಲೆಯ ಟಿಸಿ ತೆಗೆದು ಅಧಿಕಾರಿಗೆ ಕೊಟ್ಟ. ಅಮ್ಮನಿಂದಲೇ ಇಸಿದುಕೊಂಡಿದ್ದ.

"ಹದಿನಾಲ್ಕು ತುಂಬಿ ಮೂರು ತಿಂಗಳಾಗಿದೆಯಲ್ಲಪ್ಪ, ಹದಿನಾಲ್ಕರೊಳಗಿದ್ದರೆ ಮಾತ್ರ ನಾನು ಬಿಡಿಸಬಹುದು," ಎಂದರು ಅಧಿಕಾರಿ.

"ಇಲ್ಲ ಮೇಡಂ, ಹನ್ನೆರಡು! ನಾನೇ ಎತ್ತಿ ಆಡ್ಸಿರೋ ಮಗು."

"ಮತ್ತೆ ಈ ಹುಟ್ಟಿದ ತಾರೀಕು ಬರೆಸಿದ್ದು ಯಾರು?"

ನಾನೇ. ಆಗ ನನಗೆ ಹದಿಮೂರು. ಅಮ್ಮ ಕೆಲಸಕ್ಕೆ ಹೋದರೆ ಇವಳನ್ನು ನೋಡಿಕೊಳ್ಳಲೆಂದು ನನ್ನ ಶಾಲೆ ಬಿಡಿಸಿದ್ದರು. ಇವಳೂ ಶಾಲೆ ಸೇರಿದರೆ ನಾನು ಮತ್ತೆ ಹೋಗಬಹುದೆಂದು ನಾಲ್ಕು ವರ್ಷದವಳನ್ನು ಎಳೆದುಕೊಂಡು ಹೋದೆ. ಜನನ ಪತ್ರ ಇರಲಿಲ್ಲ. ಹಳೇ ಕಾಲದ ಮೇಷ್ಟ್ರು, ತಲೆಯ ಮೇಲಿಂದ ಕೈ ಹಾಕಿ ಆ ಬದಿಯ ಕಿವಿ ಮುಟ್ಟು ಎಂದರು. ಮುಟ್ಟಿದರೆ ಆರು ವರ್ಷ ಎಂದು ಲೆಕ್ಕ. ಪುಟ್ಟ ಕೈ ಎಟುಕಲಿಲ್ಲ. ಮೇಷ್ಟ್ರು ಪೆನ್ನು ಹುಡುಕುವಾಗ ಅವಳ ಕತ್ತು ಬಗ್ಗಿಸಿ, ಕೈ ಜಗ್ಗಿ ಮುಟ್ಟಿಸಿದೆ. ನೋವಿಗೆ ಅತ್ತಳು. ಮರುವಾರ ಅಮ್ಮ ನನ್ನನ್ನು ಕರೆದೊಯ್ದಿದ್ದು ಶಾಲೆಗಲ್ಲ, ಇದೇ ಫಿಲೇಚರಿಗೆ.

"ನಾನೇ ಸುಳ್ಳು ಬರ್ಸಿದ್ದು ಮೇಡಂ. ಡಾಕ್ಟ್ರ ಹತ್ರ ಹಲ್ಲು ನೋಡ್ಸಿ, ವಯಸ್ಸು ಗೊತ್ತಾಗ್ತದೆ."

"ಶಾಲೆ ದಾಖಲೆ ಇರುವಾಗ ಹಲ್ಲು ನೋಡಲ್ಲಪ್ಪ." ಅವರು ಟಿಸಿ ವಾಪಸ್ ಕೊಟ್ಟು, ಬ್ಯಾಗು ಹೆಗಲಿಗೇರಿಸಿ ಜೀಪಿನತ್ತ ನಡೆದರು.

ಚೆನ್ನರಾಯಪ್ಪ ಟಿಸಿಯನ್ನು ಜೋಪಾನವಾಗಿ ಮಡಿಸಿದ. "ಲ್ಯಾಮಿನೇಷನ್ ಮಾಡಿಸ್ತೀನಿ ಕಣೋ. ನಿನ್ ಉಪಕಾರ ಮರೆಯಲ್ಲ."

ತನುಜಾ ಆಗಲೇ ಚಪ್ಪಲಿ ಮೆಟ್ಟಿದ್ದಳು. "ಹೋಗಣ ಅಣ್ಣಾ?"

"ಇಲ್ಲ ಕಣೇ."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.