ಸರ್ಕಾರಕ್ಕೆ ಕಟ್ಟಿದ ದಂಡ

“ಬೂಟಿನ ಮೇಲೆ ನೀರು ಚೆಲ್ತೀಯಲ್ಲೇ ಮುಂಡೆ! ಗಂಡನ ಜೊತೆ ಕಣ್ಣೂ ಹೂತು ಬಂದ್ಯಾ?”

ಫೋನ್ ಕಂಪನಿಯ ಮ್ಯಾನೇಜರು ಕಾಲು ಝಾಡಿಸಿದ. ನೆಲ ಒರೆಸುತ್ತಿದ್ದವಳು ಒಣಬಟ್ಟೆಯಿಂದ ಅವನ ಬೂಟು ಒರೆಸಿದಳು.

ಅವಳ ಗಂಡ ಎದೆನೋವೆಂದು ಕುಸಿದ ದಿನ ಈ ಕಂಪನಿಯ ಲೈನುಗಳೆಲ್ಲ ಸತ್ತಿದ್ದವು. ಅವನ ಫೋನಿನಿಂದ ಆಂಬುಲೆನ್ಸಿನ ನಂಬರನ್ನು ಅವಳು ಒತ್ತುತ್ತಲೇ ಇದ್ದಳು, ಅವನು ಹೋಗಿಬಿಟ್ಟ. ಅದರಲ್ಲಿ ಮೊದಲು ಬೇರೆ ಕಂಪನಿಯ ಸಿಮ್ ಇತ್ತು. ಇಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಸಿಮ್ ಪುಕ್ಕಟೆ. ‘ನಮ್ಮ ಕಂಪನೀದು’ ಎಂದು ಜಂಬದಿಂದ ಅದನ್ನು ಹಾಕಿಕೊಟ್ಟು, ಹಳೆಯದನ್ನು ಕಸಕ್ಕೆ ಎಸೆದವಳು ಅವಳೇ.

ತಿಂಗಳೊಳಗೆ ಮೈದುನನಿಗೂ ಅದೇ ನೋವು ಬಂತು. ಅದೇ ಫೋನಿನಿಂದ ಅವಳೇ ಕರೆದಳು. ಮೊದಲ ರಿಂಗಿಗೇ ಎತ್ತಿದರು. ಮೈದುನ ಉಳಿದ. ಈಗ ಮನೆಯಲ್ಲಿ ಗೋಡೆಯಾಚೆ ಅವನು ಕೆಮ್ಮಿದರೂ, ಓರಗಿತ್ತಿ ಅವನನ್ನು ಬೈದರೂ ಇವಳ ಹೊಟ್ಟೆಯಲ್ಲಿ ಕೆಂಡ ಸುರಿದಂತಾಗುತ್ತಿತ್ತು. ಬೈಯುವುದಕ್ಕಾದರೂ ಒಬ್ಬನಿದ್ದಾನಲ್ಲ!

“ದೇವ್ರು ದೊಡ್ಡೋನು ಅಕ್ಕಾ,” ಎಂದಿದ್ದಳು ಓರಗಿತ್ತಿ.

“ನಿನ್ ಪಾಲಿಗೆ ಕಣೇ. ನಾನು ಕೂಗ್ದಾಗ ಅವ್ನಿಗೂ ಲೈನ್ ಸಿಗ್ಲಿಲ್ಲ.”

ಆಡಿದ ಮೇಲೆ ತಪ್ಪಾಯಿತೆಂದು ದೇವರಿಗೆ ಕೈಮುಗಿದಳು. ಉರಿ ಮಾತ್ರ ಆರಲಿಲ್ಲ.

ಮ್ಯಾನೇಜರು ಮೇಜಿನ ಫೋನಿನಲ್ಲಿ ಯಾರೊಡನೆಯೋ ನಗುತ್ತಿದ್ದ. “ಲೈನ್ ಹೋಗಿ ಆಂಬುಲೆನ್ಸ್ ಸಿಗದ ಆ ರಗಳೆ ಮುಗೀತು ಮಾರಾಯಾ. ದಂಡ ಬಿಸಾಕಿದ್ವಿ. ಇನ್ನು ಯಾವನೂ ಕೇಳೋ ಹಾಗಿಲ್ಲ.”

ಅವನು ರಿಸೀವರ್ ಇಡುವವರೆಗೆ ಅವಳು ಕಾದಳು.

“ದಂಡ ಯಾರಿಗ್ ಕಟ್ಟಿದ್ರಿ ಸಾರ್?”

“ಸರ್ಕಾರಕ್ಕೆ. ನಿಂಗ್ಯಾಕೆ ಅಧಿಕಪ್ರಸಂಗ?”

“ಸರ್ಕಾರದ ಗಂಡ ಸತ್ತಿದ್ನಾ?”

“ಥೂ, ದರಿದ್ರದವಳೇ! ನಿನ್ ಕೈಗೆ ಕೊಡ್ಬೇಕಿತ್ತೇನೆ?”

“ದುಡ್ಡು ಬೇಡ. ಯಾರ್ ತಪ್ಪಿಂದ ಲೈನ್ ಹೋಯ್ತೋ ಅವ್ರನ್ನ ನನ್ ಮುಂದೆ ನಿಲ್ಸಿ. ಒಂದ್ ಮಾತು ಕೇಳ್ತೀನಿ.”

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಮೊಬೈಲು ರಿಂಗಾಯಿತು. ಅದರಲ್ಲಿ ಅವನ ಹೆಂಡತಿಯ ಮುಖ ಬೆಳಗಿತು. ಅವಳು ಕರೆದರೆ ಇವನು ಸಿಗುತ್ತಾನೆ! ಎಷ್ಟು ಸಲೀಸು! ಇವಳು ಮೊಬೈಲನ್ನು ಬಾಚಿ ಕೊಳೆನೀರಿನ ಬಕೆಟ್ಟಿಗೆ ಹಾಕಿದಳು.

“ಲೇ ಬೋಳಿ! ಸೆಕ್ಯೂರಿಟಿ ಕರೆಸ್ತೀನಿ ತಡಿ!”

ಅವನು ಮೇಜಿನ ಫೋನಿಗೆ ಕೈ ಹಾಕುವುದರೊಳಗೆ ಅವಳು ಗೋಡೆಯಿಂದ ಅದರ ತಂತಿಯನ್ನು ಕಿತ್ತು, ಬಾಗಿಲಿನ ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ಕುಳಿತಳು.

“ಹಲೋ... ಹಲೋ...” ಅವನು ಸತ್ತ ಫೋನಿನ ಗುಂಡಿಗಳನ್ನು ಒತ್ತಿದ.

“ಒತ್ತಿ ಸಾರ್, ಇನ್ನೊಂದ್ಸಲ ಒತ್ತಿ,” ಎಂದಳು ಅವಳು. “ದಂಡ ಎಷ್ಟಾಗುತ್ತೋ ಆಮೇಲೆ ಹೇಳಿ. ನಾನೂ ಸರ್ಕಾರಕ್ಕೇ ಕಟ್ತೀನಿ.”