ಎರಡು ಕೊಳವೆ ರಕ್ತ

ಬೇರೊಬ್ಬರ ಮನೆಯೊಳಗಿನ ಸಂಕಟವನ್ನು ಹೀಗೆ ಹೊರಗೆ ತಂದು ಹೇಳಬಹುದೋ ಇಲ್ಲವೋ. ತಪ್ಪಾಗಿದ್ದರೆ ಓದುವವರು ಮನ್ನಿಸಬೇಕು.

ಧಾರವಾಡದ ಆಸ್ಪತ್ರೆಯಲ್ಲಿ ನರ್ಸಬಾಯಿ ಮೂರನೆಯ ಕೊಳವೆಗೆ ಪ್ರಭುವಿನ ರಕ್ತ ತುಂಬುತ್ತಿದ್ದಾಗ ಅವನ ಅಕ್ಕ ಶಾಂಭವಿ ಆ ಕೊಳವೆಯನ್ನೇ ನೋಡುತ್ತ ನಿಂತಿದ್ದಳು. ಮೊದಲನೆಯದು ಅವನು ನುಂಗುವ ಲಿಥಿಯಂ ಮಾತ್ರೆಯ ಅಂಶ ಮೈಯಲ್ಲಿ ಎಷ್ಟಿದೆಯೆಂದು ನೋಡಲು, ಅದು ಯಾವಾಗಲೂ ಇದ್ದದ್ದೇ. ಉಳಿದೆರಡು ಸಂಶೋಧನೆಗೆ. ಪ್ರಭುವಿನಂತೆ ಮನಸ್ಸು ಒಮ್ಮೆ ಮಿತಿಮೀರಿ ಉಬ್ಬಿ ಒಮ್ಮೆ ಪೂರ್ತಿ ಕುಸಿಯುವ ಬೈಪೋಲಾರ್ ಕಾಯಿಲೆಯವರಲ್ಲಿ ಯಾರು ಜೀವ ಕಳೆದುಕೊಳ್ಳಲು ಹೋಗಬಹುದೆಂಬ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ಹುಡುಕುತ್ತಿದ್ದರು. ಪ್ರಭು ತಾನೇ ಓದಿ ಸಹಿ ಮಾಡಿದ್ದ.

"ರಿಪೋರ್ಟ್ ಯಾವಾಗ ಬರತೈತ್ರಿ?" ಶಾಂಭವಿ ಡಾಕ್ಟರನ್ನು ಕೇಳಿದಳು.

"ಇದರದು ನಿಮಗ ಬರಂಗಿಲ್ರಿ. ಇನ್ನೂ ಹುಡುಕಾಕತ್ತೀವಿ. ಒಬ್ಬರ ರಕ್ತಾ ನೋಡಿ ಹೌದು, ಅಲ್ಲ ಅನ್ನಾಕ ಈಗ ಯಾರಿಗೂ ಆಗಂಗಿಲ್ಲ."

"ಅಂದಾಜಾದ್ರೂ?"

"ಅಂದಾಜೂ ಇಲ್ರಿ."

ಅವಳ ಕೈ ಕೊರಳಿಗೆ ಹೋಯಿತು. ಶಿವದಾರದಲ್ಲಿ ಲಿಂಗದ ಕರಡಿಗೆಯ ಪಕ್ಕ ಒಂದು ಸಣ್ಣ ಕೀಲಿಕೈ. ಹೋದ ವರ್ಷ ಪ್ರಭು ಸಾಯಲು ಹೋಗಿ ಬದುಕಿ ಬಂದಾಗಿನಿಂದ ಹತ್ತಿಗೆ ಹೊಡೆಯುವ ಔಷಧಿ ಟ್ರಂಕಿನಲ್ಲಿತ್ತು, ಟ್ರಂಕಿನ ಕೀಲಿಕೈ ಅವಳ ಎದೆಯ ಮೇಲೆ. ಬಾಜೂ ಮನೆಯ ನೀಲಕ್ಕ ಕೇಳಿದಾಗ ಬಂಗಾರದ ಪೆಟ್ಟಿಗೆಯದು ಎಂದು ನಕ್ಕುಬಿಟ್ಟಿದ್ದಳು. ದಿನಾ ಪೂಜೆಗೆ ಲಿಂಗ ತೆಗೆದಾಗ ಅದೂ ಅಂಗೈಗೆ ತಾಗುತ್ತಿತ್ತು. ಮನೆಯಲ್ಲಿ ಇಬ್ಬರೇ, ಹೇಳಿಕೊಳ್ಳಲು ಮೂರನೆಯವರಿಲ್ಲ. ಕಾಗದದ ಮೇಲೆ 'ಇಲ್ಲ' ಎಂದು ಬಂದರೆ ಒಂದು ದಿನವಾದರೂ ನಿದ್ದೆ ಮಾಡಬಹುದೆಂದು ನಂಬಿ ಬಂದಿದ್ದಳು.

ತಮ್ಮೂರು ತಿರ್ಲಾಪುರಕ್ಕೆ ಮರಳುವ ಬಸ್ಸು ಅರ್ಧ ದಾರಿ ದಾಟಿತ್ತು. ಕಿಟಕಿಯಾಚೆ ಎರೆಹೊಲಗಳು. ಪ್ರಭು ತೋಳಿಗೆ ಅಂಟಿಸಿದ ಅರಳೆ ಕಿತ್ತು ನೋಡಿದ.

"ಇಷ್ಟು ರಕ್ತಾ ಕೊಟ್ಟೇನಿ ಯಕ್ಕಾ, ಒಂದು ಚಾ ಕುಡಸೂದಾಗ್ಲಿಲ್ಲ ನಿನಗ."

ಅವಳ ಕೈ ಮತ್ತೆ ಕೀಲಿಕೈಗೆ ಹೋದದ್ದನ್ನು ಅವನು ನೋಡಿದ.

"ಡಾಕ್ಟರ್‌ನ ಕೇಳಿದಿ. ರಕ್ತಾನೂ ಕೇಳಿದಿ. ವರ್ಷಾತು, ನನ್ನ ಮಾತ್ರ ಕೇಳವಲ್ಲಿ."

"ಏನ್ ಕೇಳ್ಲೋ?"

"ಕೊಳ್ಳಾಗ ಕಟ್ಕೊಂಡು ತಿರಗತಿಯಲ್ಲ, ಅದನ್ನ."

ಶಾಂಭವಿ ಮುಂದಿನ ಸೀಟಿನವರಿಗೆ ಕೇಳಿಸದಂತೆ ಬಾಗಿದಳು.

"ಸಾಯಬೇಕು ಅನಸತೈತೇನೋ, ತಮ್ಮಾ?"

ಅವನು ಅರಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಹೋದ ವಾರ ಎರಡ ದಿನಾ ಅನಸ್ತು. ಇವತ್ತ ಇಲ್ಲ."

"ನಾಳೆ?"

"ನಾಳೆ ಮತ್ತ ಕೇಳು."

ಆಮೇಲೆ ದಿನಾ ಬೆಳಿಗ್ಗೆ ಚಹಾ ಕೊಡುವಾಗ ಅವಳು ಕೇಳುತ್ತಾಳೆ. ಮೊನ್ನೆ ಸೋಮವಾರ ಅವನು "ಸ್ವಲ್ಪ ಐತಿ" ಅಂದ. ಚಹಾ ಅಲ್ಲೇ ಬಿಟ್ಟು ಇಬ್ಬರೂ ಮೊದಲ ಬಸ್ಸಿಗೆ ಧಾರವಾಡಕ್ಕೆ ಡಾಕ್ಟರ ಹತ್ತಿರ ಹೋದರು, ಸಂಜೆ ಜೊತೆಯಲ್ಲೇ ಮರಳಿ ಬಂದರು. ಕೀಲಿಕೈ ಶಿವದಾರದಲ್ಲೇ ಇದೆ. ಆ ಎರಡು ಕೊಳವೆಗಳು ಎಲ್ಲೋ ಮಂಜುಗಟ್ಟಿದ ಪೆಟ್ಟಿಗೆಯೊಂದರಲ್ಲಿ, ಹೆಸರಿಲ್ಲದೆ, ಬರೀ ಒಂದು ನಂಬರು ಹೊತ್ತು ನಿಂತಿವೆ. ಅವುಗಳೊಳಗೆ ಏನಿದೆಯೋ, ಇಂದಿಗೂ ಯಾರಿಗೂ ಗೊತ್ತಿಲ್ಲ.