ಕೋಟುಗಳ ನಡುವಿನ ದನಿ

ದರ್ಜಿಯಣ್ಣನ ಕಣ್ಣು ಒಮ್ಮೆಲೇ ಹೋಗಲಿಲ್ಲ. ಬಿಸಿಲಿಗಿಟ್ಟ ಬಟ್ಟೆಯ ಬಣ್ಣದಂತೆ ಎರಡು ವರ್ಷ ಮೆಲ್ಲಮೆಲ್ಲನೆ ಮಾಸಿತು. ಕೊನೆಗೆ ಉಳಿದದ್ದು ಕಿಟಕಿ ಎಲ್ಲಿದೆಯೆಂದು ತಿಳಿಯುವಷ್ಟು ಬೆಳಕು, ಮತ್ತು ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟಿದ್ದ ಒಂದು ಪ್ಲೇಯರ್. ಹರೆಯದಿಂದಲೂ ಅವನು ಹಿಡಿದಿಟ್ಟ ಆರುನೂರು ಸದ್ದುಗಳು ಅದರಲ್ಲಿದ್ದವು: ಸೇತುವೆಯ ಕೆಳಗಿನ ನೀರು, ಖಾಲಿ ರೈಲುನಿಲ್ದಾಣ, ತಂತಿಯ ಮೇಲಿನ ಗಾಳಿ. ಆದರೆ ಹೆಸರುಗಳೆಲ್ಲ ಪರದೆಯ ಮೇಲೆ. ಗುಂಡಿ ಒತ್ತಿದರೆ ಬಂದದ್ದು ಬಂತು.

“ಕುರುಡನ ಕೈಗೆ ಕನ್ನಡಿ ಕೊಟ್ಟಂಗಾಯ್ತು,” ಎಂದು ಅವನೇ ನಗುತ್ತಿದ್ದ.

ಆ ನಗು ಕೇಳಲಾರದೆ, ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದ ತಂಗಿ ಪ್ಲೇಯರನ್ನು ಇಸಿದುಕೊಂಡಳು. ಒಳಗಿನ ಸಾಫ್ಟ್‌ವೇರ್ ಬದಲಿಸಿದರೆ ಅದು ಮಾತಾಡಬಲ್ಲದು. ಆದರೆ ಒಂದೊಂದು ಮಾತನ್ನೂ ಯಾರಾದರೂ ಹೇಳಿ ತುಂಬಿಸಬೇಕು. ಅವಳು ಅತ್ತಿಗೆಯನ್ನು ಕೇಳಿದಳು.

“ನನ್ನ ದನಿನಾ? ನಾನು ಬಾಯಿ ಬಿಟ್ರೆ ಹಳೇ ಬಾಗಿಲು ಕಿರುಗುಟ್ಟಿದಂಗಿರುತ್ತೆ ಕಣೇ.”

“ಅಣ್ಣನಿಗೆ ಗುರುತಿರೋ ಬಾಗಿಲು ತಾನೆ? ಬನ್ನಿ ಅತ್ತಿಗೆ.”

ಬೀದಿಯ ಗದ್ದಲ ತಾಗದಂತೆ ಇಬ್ಬರೂ ಹೊಲಿಗೆಯಂಗಡಿಯ ದೊಡ್ಡ ಬೀರುವಿನೊಳಗೆ, ತೂಗುಹಾಕಿದ ಕೋಟುಗಳ ನಡುವೆ ಕೂತರು. “ಮುಂದೆ.” “ಹಿಂದೆ.” “ನಿಲ್ಲಿಸು.” ಆಮೇಲೆ ಸದ್ದಿಗೊಂದರಂತೆ ಒಂದರಿಂದ ಆರುನೂರರವರೆಗೆ ಎಣಿಕೆ. ಉಣ್ಣೆಯ ಬೆಚ್ಚನೆಯ ಕತ್ತಲಲ್ಲಿ ಅತ್ತಿಗೆಗೆ ಮಂಪರು ಹತ್ತಿತು. ತನ್ನ ದನಿ ತನ್ನದಲ್ಲವೆಂದೂ, ಮಂಜಿನಲ್ಲಿ ಯಾರೋ ದೋಣಿಗೆ ದಾರಿ ಹೇಳುತ್ತಿದ್ದಾರೆಂದೂ ಅನ್ನಿಸಿತು.

ಅಣ್ಣ ಪ್ಲೇಯರನ್ನು ಒಂದು ವಾರ ಬಳಸಿ ಮೇಜಿನ ಖಾನೆಗೆ ಹಾಕಿಬಿಟ್ಟ.

“ಯಾಕಣ್ಣ?” ಎಂದಳು ತಂಗಿ.

“ನೀರಿನ ಸದ್ದು ಶುರುವಾದ್ರೂ ನಿಮ್ಮತ್ತಿಗೆ ಎಣಿಸ್ತಾನೇ ಇರ್ತಾಳೆ. ಇದು ಕಣ್ಣಿರೋರು ಮಾಡಿದ್ದು ಕಣಮ್ಮ. ಬಾ, ಕೂತ್ಕೋ.”

ಅವನು ಅಸ್ತರಿನ ಬಟ್ಟೆಯಿಂದ ಅವಳ ಕಣ್ಣು ಕಟ್ಟಿದ. ಪ್ಲೇಯರು ಕೈಗೆ ಬಂತು. ಯಾವ ಗುಂಡಿ ಯಾವುದೆಂದು ಬೆರಳಿಗೆ ತಿಳಿಯಲಿಲ್ಲ. “ಇನ್ನೂರ ಹನ್ನೊಂದು” ಎಂದಿತು ದನಿ. ಇನ್ನೂರ ಹನ್ನೊಂದು ಎಂದರೆ ಏನು? ಗುರುತಿಲ್ಲದ ಮನೆಯಲ್ಲಿ ಬಾಗಿಲು ಹುಡುಕಿದಂತೆ ತಡಕಾಡಿ ಅವಳು ಬೆವತಳು.

“ಈಗ ಕಣ್ಣು ತೆರೀತಾ?” ಅಣ್ಣ ಕೇಳಿದ. ಇಬ್ಬರೂ ಬಿದ್ದುಬಿದ್ದು ನಕ್ಕರು.

ಮರುದಿನದಿಂದ ಅವನು ಹೇಳುತ್ತಾ ಹೋದ, ಅವಳು ತಿದ್ದುತ್ತಾ ಹೋದಳು. ಬೆರಳು ಅಲುಗಿದರೆ ದನಿ ತಟ್ಟನೆ ಸುಮ್ಮನಾಗಬೇಕು. ನಡುವಿನ ಗುಂಡಿಗೆ ಅವನೇ ದಾರದ ಗಂಟೊಂದನ್ನು ಅಂಟಿಸಿದ. ಸಂಖ್ಯೆ ಬೇಡವೇ ಬೇಡ. “ಹೆಸರು ನಾನೇ ಹೇಳ್ತೀನಿ. ಆ ಜಾಗಕ್ಕೆಲ್ಲ ಹೋದೋನು ನಾನು ತಾನೆ?” ಒಂದೊಂದೇ ಸದ್ದು ಕೇಳಿ, ಅಲ್ಲಿಗೆ ಹೋಗಿ ಬಂದವನಂತೆ ಉಸಿರೆಳೆದು ಅವನು ಹೆಸರಿಟ್ಟ. ಅದಕ್ಕೆ ಹನ್ನೆರಡು ದಿನ ಹಿಡಿಯಿತು.

ಕೆಲಸ ಮುಗಿದ ಸಂಜೆ ಗಂಡಹೆಂಡಿರು ಮೆಟ್ಟಿಲ ಮೇಲೆ ಕೂತು ಪ್ಲೇಯರಿನ ಮಾತು ಕೇಳಿದರು.

“ಮುಂದೆ” ಎಂದಿತು ಅವಳ ದನಿ. “ಖಾಲಿ ನಿಲ್ದಾಣ” ಎಂದಿತು ಅವನದು. “ಮುಂದೆ.” “ಅವಳ ಕತ್ತರಿ.”

ಬಟ್ಟೆಯ ಉದ್ದಕ್ಕೂ ಕತ್ತರಿ ಹರಿಯುತ್ತಾ ಹೋಯಿತು, ನಿಂತಿತು, ಮತ್ತೆ ಹರಿಯಿತು.

“ಇದ್ಯಾವಾಗ ಹಿಡಿದ್ರಿ?”

“ಮದುವೆಯಾದ ಹೊಸದ್ರಲ್ಲಿ. ಆಗ ನೀನು ಮಾತೇ ಆಡ್ತಿರ್ಲಿಲ್ವಲ್ಲ. ಕತ್ತರಿ ಆಡ್ತಿತ್ತು.”

ಅವಳು ಅವನತ್ತ ಸರಿದು ಕೂತಳು.

“ಇನ್ನೊಂದ್ಸಲ ಹಾಕಿ,” ಎಂದಳು. ಅವನ ಬೆರಳು ಯಾರನ್ನೂ ಕೇಳದೆ ಆ ದಾರದ ಗಂಟಿಗೆ ಹೋಯಿತು.